ಗಾಳದ ಕೋಲು, ರೀಲು ಮತ್ತು ದಾರ: ಮಲೆನಾಡಿನ ಹೊಳೆಗೆ ತಕ್ಕ ಸಲಕರಣೆಯ ವಿಜ್ಞಾನ

ಚಿಕ್ಕಮಗಳೂರು ಜಿಲ್ಲೆಯ ಭೂಪಟವನ್ನು ಮುಂದಿಟ್ಟುಕೊಂಡು ನೋಡಿದರೆ ಒಂದು ವಿಶೇಷವು ಕಣ್ಣಿಗೆ ಬೀಳುತ್ತದೆ. ಕಾಫಿ ಬೆಳೆಯುವ ಈ ಗುಡ್ಡಗಳ ಮೇಲೆ ಬಿದ್ದ ಮಳೆಯ ನೀರು ಮೂರು ದಾರಿ ಹಿಡಿಯುತ್ತದೆ. ಕುದುರೆಮುಖ ಶ್ರೇಣಿಯ ಗಂಗಾಮೂಲದಲ್ಲಿ ಹುಟ್ಟುವ ಭದ್ರೆಯು ಕಳಸ, ಬಾಳೆಹೊನ್ನೂರುಗಳನ್ನು ಹಾಯ್ದು, ಶೃಂಗೇರಿಯ ಮೇಲೆ ಹರಿದುಬರುವ ತುಂಗೆಯನ್ನು ಕೂಡಲಿಯಲ್ಲಿ ಕೂಡಿಕೊಂಡು ಕೊನೆಗೆ ಕೃಷ್ಣೆಯನ್ನು ಸೇರುತ್ತದೆ. ಅದೇ ಶ್ರೇಣಿಯ ನೇತ್ರಾವತಿಯು ಘಟ್ಟವನ್ನಿಳಿದು ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ಮೂಡಿಗೆರೆ ತಾಲ್ಲೂಕಿನಲ್ಲಿ ಹುಟ್ಟುವ ಹೇಮಾವತಿಯು ಕಾವೇರಿಯ ಪಾಲಾಗುತ್ತದೆ. ಹೊಳೆ, ಹಳ್ಳ, ಮಡು, ತೋಟದ ಕೆರೆ ಇವುಗಳಿಂದ ತುಂಬಿದ ಈ ನಾಡಿನಲ್ಲಿ ಗಾಳ ಹಾಕುವ ಹವ್ಯಾಸವು ಹಳೆಯದು. ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡು ಬಾಳಿದ ಸಾಹಿತಿ ಪೂರ್ಣಚಂದ್ರ ತೇಜಸ್ವಿಯವರು (1938–2007) ಗಾಳದ ಕೋಲನ್ನು ಲೇಖನಿಯಷ್ಟೇ ಪ್ರೀತಿಯಿಂದ ಹಿಡಿದವರೆಂಬುದನ್ನು ಅವರ ಓದುಗರೆಲ್ಲರೂ ಬಲ್ಲರು.

ಪೇಟೆಯ ಅಂಗಡಿಗೆ ಹೋಗಿ ಗಾಳದ ಸಲಕರಣೆಯನ್ನು ಕೇಳಿದರೆ ಇಂದು ಹತ್ತಾರು ಬಗೆಯ ಕೋಲುಗಳನ್ನೂ ರೀಲುಗಳನ್ನೂ ದಾರದ ಸುರುಳಿಗಳನ್ನೂ ಮುಂದಿಡುತ್ತಾರೆ. ಇವುಗಳಲ್ಲಿ ಅನೇಕವು ಅಮೆರಿಕದ ಕೆರೆಗಳಲ್ಲಿರುವ ಬ್ಯಾಸ್ ಎಂಬ ಮೀನನ್ನು ಮನಸ್ಸಿನಲ್ಲಿಟ್ಟು ರೂಪಿಸಿದವು. ನಮ್ಮ ಹೊಳೆಗಳ ಮೀನು ಬೇರೆ, ನೀರು ಬೇರೆ. ಆದುದರಿಂದ ಸಲಕರಣೆಯ ಮೇಲೆ ಅಚ್ಚಾಗಿರುವ ಹೆಸರನ್ನು ನಂಬಿ ಕೊಳ್ಳುವುದಕ್ಕಿಂತ ಅದು ಕೆಲಸ ಮಾಡುವ ತತ್ತ್ವವನ್ನು ತಿಳಿದು ಆರಿಸುವುದು ಲೇಸು. ಆ ತತ್ತ್ವವಾದರೋ ಪ್ರೌಢಶಾಲೆಯ ಭೌತಶಾಸ್ತ್ರದ ಪಾಠಗಳಲ್ಲಿ ಈಗಾಗಲೇ ಇದೆ. ಸನ್ನೆ, ಘರ್ಷಣೆ, ಜಡತ್ವ, ಸ್ಥಿತಿಸ್ಥಾಪಕತ್ವ ಎಂಬ ನಾಲ್ಕು ಮಾತುಗಳನ್ನು ಚೆನ್ನಾಗಿ ಅರಿತವನಿಗೆ ಈ ಆಯ್ಕೆಯು ಕಷ್ಟವಲ್ಲ.

ಯಾವ ಮೀನಿಗೆ ಈ ಸಿದ್ಧತೆ?

ಮೊದಲು ಮೀನುಗಳನ್ನು ಪರಿಚಯ ಮಾಡಿಕೊಳ್ಳೋಣ. ತೋಟದ ಕೆರೆಗಳಲ್ಲಿ ಸಾಕಿದ ಕಾಟ್ಲಾ, ರೋಹು ಮುಂತಾದ ಗೆಂಡೆ ಜಾತಿಯ ಮೀನುಗಳಿರುತ್ತವೆ. ಇವು ನಿಧಾನವಾಗಿ ಮೇಯುವಂಥವು. ಜೊಂಡು, ತಾವರೆಬಳ್ಳಿಗಳ ನಡುವೆ ಕೊರವ ಮೀನು ಹೊಂಚುಹಾಕಿರುತ್ತದೆ. ಹಾವಿನದನ್ನು ಹೋಲುವ ತಲೆಯುಳ್ಳ ಈ ಮೀನು ಆಗಾಗ ಮೇಲಕ್ಕೆ ಬಂದು ಗಾಳಿಯನ್ನು ನುಂಗಿ ಉಸಿರಾಡುತ್ತದೆ; ಬೇಟೆಯು ಹತ್ತಿರ ಬಂದೊಡನೆ ಬಾಣದಂತೆ ಮೇಲೆ ಬೀಳುತ್ತದೆ. ಹೊಂಚಿ ಹಿಡಿಯುವ ಸ್ವಭಾವದಲ್ಲಿ ಅಮೆರಿಕದ ಬ್ಯಾಸ್ ಮೀನಿಗೆ ನಮ್ಮಲ್ಲಿ ಸರಿಸಾಟಿಯಾದುದು ಇದೇ ಎನ್ನಬಹುದು.

ಹರಿಯುವ ಹೊಳೆಯ ಒಡೆಯನಾದರೋ ಮಹಶೀರ್. ಹಲವು ಕಡೆ ಇದನ್ನು ಬಿಳಿಮೀನು ಎನ್ನುತ್ತಾರೆ. ದೇವಾಲಯದ ಮಡುಗಳಲ್ಲಿ ಇದು ದೇವರ ಮೀನು. ದೊಡ್ಡ ಹುರುಪೆಗಳು, ದಪ್ಪ ತುಟಿ, ತುಂಬಿದ ಮೈ ಇದರ ಗುರುತು. ದವಡೆಯಲ್ಲಿ ಹಲ್ಲಿಲ್ಲ, ಆದರೆ ಗಂಟಲಿನೊಳಗಿನ ಹಲ್ಲುಗಳಿಂದ ಏಡಿ, ಶಂಖದ ಹುಳುಗಳನ್ನು ಅರೆಯಬಲ್ಲದು. ದಡದ ಮರಗಳಿಂದ ಉದುರಿದ ಅತ್ತಿಯ ಹಣ್ಣನ್ನೂ ತಿನ್ನುತ್ತದೆ. ಹೊಳೆಯ ಸೆಳವಿನೆದುರು ಈಜಿ ಬೆಳೆದ ಈ ಮೀನು ಗಾಳಕ್ಕೆ ಸಿಕ್ಕ ಮೊದಲ ಗಳಿಗೆಯಲ್ಲೇ ಪ್ರವಾಹದ ಜೊತೆಗೆ ಕೆಳಮುಖವಾಗಿ ಓಡುತ್ತದೆ. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬಾತನು 1873ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ತನ್ನ ಗಾಳದ ಪುಸ್ತಕದಲ್ಲಿ ಈ ಮೀನಿನ ಹೋರಾಟವನ್ನು ತನ್ನ ದೇಶದ ಸಾಲ್ಮನ್ ಮೀನಿನ ಹೋರಾಟಕ್ಕಿಂತ ಮೇಲೆಂದು ಎಣಿಸಿದನು. ಕಬಿನಿಯಲ್ಲಿ 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಎಂಬವರು ಹಿಡಿದ ಮಹಶೀರ್ 120 ಪೌಂಡು, ಎಂದರೆ ಸುಮಾರು 54 ಕಿಲೋಗ್ರಾಂ ತೂಗಿತು.

ಈ ವೈಭವದ ಹಿಂದೆ ಒಂದು ಆತಂಕವೂ ಉಂಟು. ಕಾವೇರಿ ಜಲಾನಯನದ ಡುಬ್ಬದ ಮಹಶೀರ್ ಮೀನಿಗೆ ಟಾರ್ ರೆಮಾದೇವಿಯೈ ಎಂಬ ವೈಜ್ಞಾನಿಕ ಹೆಸರು ಸಲ್ಲುವುದೆಂದು ಖಚಿತವಾದುದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಯನ್ನೂ ಸೇರಿತು. ಹೆಸರು ಸಿಗುವ ಹೊತ್ತಿಗೆ ಮೀನೇ ಮರೆಯಾಗುತ್ತಿತ್ತು. ಆದುದರಿಂದ ಇಂದು ಮಹಶೀರ್ ಹಿಡಿದವನು ಅದನ್ನು ಜೀವಂತವಾಗಿ ನೀರಿಗೆ ಮರಳಿಸಬೇಕು. ಹೀಗೆ ಮರಳಿಸಿದ ಮೀನು ಬದುಕುವುದೋ ಸಾಯುವುದೋ ಎಂಬುದು ಬಹುಮಟ್ಟಿಗೆ ಸಲಕರಣೆಯ ಆಯ್ಕೆಯನ್ನೇ ಅವಲಂಬಿಸಿದೆ. ದಾರವು ಹರಿದರೆ ಬಾಯಲ್ಲಿ ಗಾಳವನ್ನೂ ಹಿಂದೆ ಹತ್ತಾರು ಗಜ ದಾರವನ್ನೂ ಎಳೆದುಕೊಂಡು ಮೀನು ಹೋಗುತ್ತದೆ; ಆ ದಾರವು ಬಂಡೆಗೆ ಸಿಕ್ಕಿಕೊಂಡರೆ ಅದಕ್ಕೆ ಸಾವೇ ಗತಿ. ದಾರವು ತೀರ ದುರ್ಬಲವಾಗಿ, ಮೀನನ್ನು ಗಂಟೆಗಟ್ಟಲೆ ಆಡಿಸಬೇಕಾದರೆ, ಬಿಟ್ಟ ಮೇಲೂ ಅದು ಬಳಲಿಕೆಯಿಂದ ಸಾಯಬಹುದು. ಕೋಲು, ರೀಲು, ದಾರ ಇವು ಮೂರು ಬೇರೆ ಬೇರೆ ಸಾಮಾನುಗಳಲ್ಲ, ಒಂದೇ ಯಂತ್ರದ ಮೂರು ಅಂಗಗಳು ಎಂಬುದನ್ನು ನಾವು ಮೊದಲು ಮನಗಾಣಬೇಕು.

ದಾರದಿಂದ ಆರಂಭ

ಸಾಮಾನ್ಯವಾಗಿ ಜನರು ಮೊದಲು ಕೋಲನ್ನು ಕೊಂಡು ಕೊನೆಗೆ ದಾರವನ್ನು ಕೊಳ್ಳುತ್ತಾರೆ. ಕ್ರಮವು ಇದಕ್ಕೆ ವಿರುದ್ಧವಾಗಿರಬೇಕು. ಸರಪಳಿಯ ಬಲವು ಅದರ ಅತಿ ದುರ್ಬಲವಾದ ಕೊಂಡಿಯ ಬಲಕ್ಕಿಂತ ಹೆಚ್ಚಲ್ಲ. ಇಲ್ಲಿ ಆ ಕೊಂಡಿಯೆಂದರೆ ದಾರ, ಅದರಲ್ಲೂ ದಾರದ ಗಂಟು.

ರೇಷ್ಮೆ, ನಾರು, ಕುದುರೆಯ ಬಾಲದ ಕೂದಲು ಇವುಗಳ ಕಾಲವನ್ನು ಮುಗಿಸಿದುದು ನೈಲಾನ್. ಅಮೆರಿಕದ ಡುಪಾಂಟ್ ಸಂಸ್ಥೆಯಲ್ಲಿ ವ್ಯಾಲೇಸ್ ಕ್ಯಾರದರ್ಸ್ ಎಂಬ ರಸಾಯನವಿಜ್ಞಾನಿಯು 1935ರಲ್ಲಿ ಇದನ್ನು ರೂಪಿಸಿದನು. ಒಂದೇ ಎಳೆಯ ನೈಲಾನ್ ದಾರದ ಬಲವು ಅದರ ಅಡ್ಡಕೊಯ್ತದ ವಿಸ್ತೀರ್ಣವನ್ನು, ಎಂದರೆ ವ್ಯಾಸದ ವರ್ಗವನ್ನು ಅನುಸರಿಸುತ್ತದೆ. 0.25 ಮಿಲಿಮೀಟರ್ ದಪ್ಪದ ದಾರವು 4 ಕಿಲೋಗ್ರಾಂ ಭಾರವನ್ನು ತಡೆದರೆ, ಅದೇ ಪದಾರ್ಥದ 0.50 ಮಿಲಿಮೀಟರ್ ದಾರವು 8 ಅಲ್ಲ, 16 ಕಿಲೋಗ್ರಾಂ ತಡೆಯುತ್ತದೆ, 0.40 ಮಿಲಿಮೀಟರಿನದು ಸುಮಾರು 10 ಕಿಲೋಗ್ರಾಂ ತಡೆಯುತ್ತದೆ. ಹಾಗಾದರೆ ಅತಿ ದಪ್ಪನೆಯ ದಾರವನ್ನೇ ಏಕೆ ಆರಿಸಬಾರದು? ವ್ಯಾಸವು ಇಮ್ಮಡಿಯಾದರೆ ದಾರದ ಗಾತ್ರ ನಾಲ್ಮಡಿಯಾಗುತ್ತದೆ. 200 ಮೀಟರ್ ತೆಳು ದಾರ ಹಿಡಿಯುವ ರೀಲಿನಲ್ಲಿ ಇಮ್ಮಡಿ ದಪ್ಪದ ದಾರವು 50 ಮೀಟರ್ ಮಾತ್ರ ಹಿಡಿಸುತ್ತದೆ. ಮಹಶೀರಿನ ಮೊದಲ ಓಟಕ್ಕೆ ಅದು ಸಾಲದೆ ಹೋಗಬಹುದು. ಮೇಲಾಗಿ ದಪ್ಪ ದಾರವು ಬಿರುಸಾಗಿರುವುದರಿಂದ ದೂರಕ್ಕೆ ಹಾರದು. ಮೀನಿನ ಕಣ್ಣಿಗೂ ಬೇಗ ಬೀಳುತ್ತದೆ.

ನೈಲಾನಿನ ದೊಡ್ಡ ಗುಣವೆಂದರೆ ಹಿಗ್ಗುವಿಕೆ. ಹರಿಯುವ ಮೊದಲು ಅದು ತನ್ನ ಉದ್ದದ ಐದನೆಯ ಒಂದು ಪಾಲಿನ ಆಸುಪಾಸು ಹಿಗ್ಗಬಲ್ಲದು. ಇದರಿಂದಾಗುವ ಲಾಭವನ್ನು ಲೆಕ್ಕದಿಂದ ತೋರಿಸಬಹುದು. 3 ಕಿಲೋಗ್ರಾಂ ತೂಕದ ಮೀನು ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಓಡುತ್ತಿದೆಯೆಂದು ಭಾವಿಸೋಣ. ಅದರ ಚಲನಶಕ್ತಿಯು 13.5 ಜೂಲ್. ಈ ಮೀನನ್ನು 10 ಸೆಂಟಿಮೀಟರ್ ಅಂತರದಲ್ಲಿ ತಟ್ಟನೆ ನಿಲ್ಲಿಸಿದರೆ ದಾರದ ಮೇಲೆ ಬೀಳುವ ಸರಾಸರಿ ಬಲವು 135 ನ್ಯೂಟನ್, ಎಂದರೆ ಸುಮಾರು 14 ಕಿಲೋಗ್ರಾಂ ಭಾರ. ಅದೇ ಮೀನನ್ನು 1 ಮೀಟರ್ ಅಂತರದಲ್ಲಿ ನಿಲ್ಲಿಸಿದರೆ ಬಲವು ಸುಮಾರು 1.4 ಕಿಲೋಗ್ರಾಮಿಗೆ ಇಳಿಯುತ್ತದೆ. ಮೀನು ಅದೇ, ವೇಗ ಅದೇ. ನಿಲ್ಲಿಸುವ ಅಂತರ ಮಾತ್ರ ಬೇರೆ. ಆ ಅಂತರವನ್ನು ಒದಗಿಸಿಕೊಡುವುವು ದಾರದ ಹಿಗ್ಗು, ಕೋಲಿನ ಬಾಗು ಮತ್ತು ರೀಲಿನ ಜಾರು. ಗಾಳದ ಸಲಕರಣೆಯ ಸಾರವೆಲ್ಲವೂ ಈ ಒಂದು ಲೆಕ್ಕದಲ್ಲಿ ಅಡಗಿದೆ.

ಹೆಣೆದ ದಾರವೆಂಬುದು ಇನ್ನೊಂದು ಬಗೆ. ಇದು ಪಾಲಿಥಿಲೀನಿನ ಅತಿ ಉದ್ದದ ಅಣುಸರಪಳಿಗಳನ್ನು ಒಂದೇ ದಿಕ್ಕಿಗೆ ಜೋಡಿಸಿ ತೆಗೆದ ಎಳೆಗಳಿಂದ ಆಗುತ್ತದೆ. ಇಂಥ ಎಳೆಗಳನ್ನು ತೆಗೆಯುವ ವಿಧಾನವನ್ನು ನೆದರ್ಲೆಂಡಿನಲ್ಲಿ ಪಾಲ್ ಸ್ಮಿತ್ ಮತ್ತು ಪೀಟ್ ಲೆಮ್‌ಸ್ಟ್ರಾ ಎಂಬವರು 1979ರಲ್ಲಿ ಕಂಡುಕೊಂಡರು. ಅದೇ ದಪ್ಪದ ನೈಲಾನಿಗಿಂತ ಇದು ಬಹಳ ಗಟ್ಟಿ. ನೀರಿಗಿಂತ ಹಗುರವಾದುದರಿಂದ ತೇಲುತ್ತದೆ. ಆದರೆ ಹಿಗ್ಗುವುದು ನೂರಕ್ಕೆ ಮೂರು ನಾಲ್ಕು ಪಾಲು ಮಾತ್ರ. ಮೀನು ಮುಟ್ಟಿದುದು ಕೈಗೆ ಕೂಡಲೆ ತಿಳಿಯುತ್ತದೆ. ಆದರೆ ಹಠಾತ್ತಾದ ಸೆಳೆತವನ್ನು ನುಂಗಿಕೊಳ್ಳುವ ಗುಣ ಇದಕ್ಕಿಲ್ಲ. ಹೊಳೆಯ ಒರಟು ಬಂಡೆಗೆ ಉಜ್ಜಿದರೆ ಇದರ ಸಣ್ಣ ಎಳೆಗಳು ಬೇಗ ಹರಿಯುತ್ತವೆ.

ಮೂರನೆಯದು ಫ್ಲೂರೋಕಾರ್ಬನ್ ದಾರ. ಮಾಘದ ತಿಳಿನೀರಿನಲ್ಲಿ ಇದರ ಉಪಯೋಗವಿದೆ. ನೀರಿನ ವಕ್ರೀಭವನ ಸೂಚ್ಯಂಕವು 1.33, ನೈಲಾನಿನದು ಸುಮಾರು 1.53, ಈ ದಾರದ್ದು ಸುಮಾರು 1.42. ಸೂಚ್ಯಂಕಗಳು ಹತ್ತಿರವಾದಷ್ಟೂ ಬೆಳಕು ಕಡಮೆ ಬಾಗುತ್ತದೆ, ದಾರವು ಅಷ್ಟರಮಟ್ಟಿಗೆ ಕಣ್ಮರೆಯಾಗುತ್ತದೆ. ಗಾಜಿನ ಚೂರು ನೀರಿನಲ್ಲಿ ಕಾಣುವಷ್ಟು ಎಣ್ಣೆಯಲ್ಲಿ ಕಾಣದಿರುವುದಕ್ಕೂ ಇದೇ ಕಾರಣ. ಗಾಳಕ್ಕೆ ಹತ್ತಿರವಿರುವ ಕೊನೆಯ ಒಂದೆರಡು ಮೀಟರಿಗೆ ಇದನ್ನು ಕಟ್ಟಿದರೆ ಸಾಕು.

ಗಂಟಿನ ಪರೀಕ್ಷೆ

ದಾರದ ಸುರುಳಿಯ ಮೇಲೆ ಬರೆದಿರುವ ಬಲವು ಗಂಟಿಲ್ಲದ ದಾರದ ಬಲ. ಗಂಟು ಹಾಕಿದೊಡನೆ ಅದು ಕುಗ್ಗುತ್ತದೆ. ಏಕೆಂದರೆ ದಾರವು ಮಡಚುವಲ್ಲಿ ಹೊರಮಗ್ಗುಲಿನ ಪದರವು ಹೆಚ್ಚು ಹಿಗ್ಗಿ ಭಾರವನ್ನೆಲ್ಲ ತಾನೇ ಹೊರಬೇಕಾಗುತ್ತದೆ. ಒಣ ದಾರವನ್ನು ರಭಸದಿಂದ ಬಿಗಿದರೆ ಘರ್ಷಣೆಯ ಶಾಖದಿಂದ ನೈಲಾನ್ ಕೆಡುವುದೂ ಉಂಟು. ಆದುದರಿಂದ ಗಂಟನ್ನು ನೀರಿನಿಂದ ತೋಯಿಸಿ ಮೆಲ್ಲನೆ ಬಿಗಿಯಬೇಕು.

ಇದನ್ನು ವಿದ್ಯಾರ್ಥಿಗಳು ಮನೆಯಲ್ಲೇ ಪರೀಕ್ಷಿಸಬಹುದು. 4 ಕಿಲೋಗ್ರಾಂ ಬಲದ ದಾರದ ಒಂದು ತುದಿಯನ್ನು ದಪ್ಪನೆಯ ಕೋಲಿಗೆ ಹತ್ತಾರು ಸುತ್ತು ಸುತ್ತಿ ಕಟ್ಟಿ, ಇನ್ನೊಂದು ತುದಿಗೆ ಪರೀಕ್ಷಿಸಬೇಕಾದ ಗಂಟಿನಿಂದ ಒಂದು ಬಕೀಟನ್ನು ನೆಲಕ್ಕಿಂತ ಒಂದು ಗೇಣು ಮೇಲೆ ತೂಗುಬಿಡಬೇಕು. ಬಕೀಟಿನ ತೂಕವನ್ನು ಮೊದಲೇ ಗುರುತು ಹಾಕಿಕೊಂಡು ಅಳತೆಯ ಲೋಟದಿಂದ ನೀರನ್ನು ಸ್ವಲ್ಪಸ್ವಲ್ಪವಾಗಿ ಸುರಿಯಬೇಕು. 1 ಲೀಟರ್ ನೀರು 1 ಕಿಲೋಗ್ರಾಂ ತೂಗುವುದರಿಂದ ತಕ್ಕಡಿಯ ಅಗತ್ಯವಿಲ್ಲ. ದಾರವು ಹರಿದಾಗ ಇದ್ದ ಒಟ್ಟು ತೂಕವೇ ಆ ಗಂಟಿನ ಬಲ. ಅವಸರದಲ್ಲಿ ಹಾಕಿದ ಒಂಟಿ ಗಂಟು ದಾರದ ಬಲವನ್ನು ಅರ್ಧದಷ್ಟಕ್ಕೆ ಇಳಿಸಬಲ್ಲದು. ದಾರವನ್ನು ಗಾಳದ ಕಣ್ಣಿಗೆ ಪೋಣಿಸಿ, ಅದರ ಮೇಲೆಯೇ ಐದಾರು ಸುತ್ತು ಸುತ್ತಿ ತುದಿಯನ್ನು ಕುಣಿಕೆಗೆ ತೂರಿಸಿ ಬಿಗಿದ ಗಂಟು ಬಲದ ಬಹುಪಾಲನ್ನು ಉಳಿಸಿಕೊಳ್ಳುತ್ತದೆ. ಕಳೆದ ವರ್ಷದ ದಾರವನ್ನೂ ಹೊಸ ದಾರವನ್ನೂ ಹೀಗೆಯೇ ಹೋಲಿಸಿ ನೋಡಬೇಕು. ಬಿಸಿಲಿನ ನೇರಳಾತೀತ ಕಿರಣಗಳು ನೈಲಾನನ್ನು ಮೆಲ್ಲಮೆಲ್ಲನೆ ಶಿಥಿಲಗೊಳಿಸುತ್ತವೆಂಬುದು ಆಗ ಕಣ್ಣಿಗೇ ಕಾಣುತ್ತದೆ. ಹರಿಯುವ ಗಳಿಗೆಯಲ್ಲಿ ದಾರವು ಚಿಮ್ಮುವುದರಿಂದ ಮುಖವನ್ನು ದೂರವಿಟ್ಟಿರುವುದು ಅವಶ್ಯ.

ರೀಲು: ಜಡತ್ವವೂ ಘರ್ಷಣೆಯೂ

ರೀಲಿಗೆ ಮೂರು ಕೆಲಸಗಳಿವೆ: ದಾರವನ್ನು ತುಂಬಿಡುವುದು, ಎಸೆಯುವಾಗ ಸಲೀಸಾಗಿ ಬಿಡುವುದು, ಮೀನು ಓಡುವಾಗ ಅಳತೆಗೆ ತಕ್ಕಂತೆ ತಡೆದು ಬಿಡುವುದು.

ಎಸೆಯುವ ದೃಷ್ಟಿಯಿಂದ ರೀಲುಗಳಲ್ಲಿ ಎರಡು ಮುಖ್ಯ ಪಂಗಡಗಳಿವೆ. ಮೊದಲನೆಯದರಲ್ಲಿ ದಾರ ಸುತ್ತಿದ ಉರುಳೆಯೇ ತಿರುಗುತ್ತದೆ. ಹಿಡಿಯನ್ನು ಒಂದು ಸಲ ತಿರುಗಿಸಿದರೆ ಉರುಳೆಯು ಹಲವು ಸುತ್ತು ತಿರುಗುವಂತೆ ಹಲ್ಲುಗಾಲಿಗಳನ್ನು ಅಳವಡಿಸಿ ಇಂಥ ರೀಲನ್ನು ಮಾಡಿದವರಲ್ಲಿ ಅಮೆರಿಕದ ಕೆಂಟಕಿಯ ಜಾರ್ಜ್ ಸ್ನೈಡರ್ ಎಂಬ ಗಡಿಯಾರ ಕೆಲಸದವನು ಮೊದಲಿಗನೆನ್ನುತ್ತಾರೆ. ಕಾಲ 19ನೆಯ ಶತಮಾನದ ಆರಂಭ, ಉದ್ದೇಶ ಬ್ಯಾಸ್ ಮೀನು. ಎರಡನೆಯ ಪಂಗಡದಲ್ಲಿ ಉರುಳೆಯು ಸ್ಥಿರವಾಗಿರುತ್ತದೆ. ದಾರವು ಅದರ ಅಂಚಿನ ಮೇಲಿಂದ ಸುರುಳಿ ಸುರುಳಿಯಾಗಿ ಬಿಚ್ಚಿಕೊಳ್ಳುತ್ತದೆ. ಇಂಗ್ಲೆಂಡಿನ ಬ್ರ್ಯಾಡ್‌ಫರ್ಡಿನ ನೂಲು ಗಿರಣಿಗಳ ಪರಿಚಯವಿದ್ದ ಆಲ್ಫ್ರೆಡ್ ಇಲ್ಲಿಂಗ್‌ವರ್ತ್ ಎಂಬಾತನು ಕದಿರಿನಿಂದ ನೂಲು ಬಿಚ್ಚಿಬರುವುದನ್ನು ಕಂಡು ಈ ಉಪಾಯ ಹೂಡಿ 1905ರಲ್ಲಿ ಹಕ್ಕುಪತ್ರ ಪಡೆದನು.

ಇವೆರಡರ ವ್ಯತ್ಯಾಸವನ್ನು ನ್ಯೂಟನ್ನನ ಮೊದಲನೆಯ ನಿಯಮವು ವಿವರಿಸುತ್ತದೆ. ತಿರುಗುವ ಉರುಳೆಯನ್ನು ಚಲಿಸುವಂತೆ ಮಾಡಬೇಕಾದುದು ಎಸೆದ ಎರೆಯ ಎಳೆತವೇ. ಎರೆಯು ಹಗುರವಾಗಿದ್ದರೆ ಉರುಳೆಯ ಜಡತ್ವವನ್ನು ಗೆಲ್ಲಲಾರದೆ ಹತ್ತಿರದಲ್ಲೇ ಬೀಳುತ್ತದೆ. ಎರೆಯು ನೀರಿಗೆ ಬಿದ್ದು ನಿಂತ ಮೇಲೂ ಉರುಳೆಯು ಅದೇ ಜಡತ್ವದಿಂದ ತಿರುಗುತ್ತಲೇ ಇದ್ದು ದಾರವೆಲ್ಲವೂ ಹಕ್ಕಿಯ ಗೂಡಿನಂತೆ ಗೋಜಲಾಗುತ್ತದೆ. ಅದನ್ನು ಹೆಬ್ಬೆರಳಿನಿಂದ ಅದುಮಿ ತಡೆಯುವ ಅಭ್ಯಾಸವಾಗಬೇಕು. ಸ್ಥಿರ ಉರುಳೆಯ ರೀಲಿನಲ್ಲಿ ಈ ತೊಡಕಿಲ್ಲ. ಐದಾರು ಗ್ರಾಂ ತೂಕದ ಎರೆಯನ್ನೂ ದೂರ ಎಸೆಯಬಹುದು. ಮರಗಳು ಬಾಗಿರುವ ಮಲೆನಾಡಿನ ಹಳ್ಳಗಳಿಗೂ ಹೊಸಬರ ಕೈಗೂ ಇದೇ ಯೋಗ್ಯ. ಭಾರವಾದ ಎರೆ, ಗಟ್ಟಿಯಾದ ದಾರ, ಗುರಿಯಿಟ್ಟು ಎಸೆಯುವ ನುರಿತ ಕೈ ಇವು ಕೂಡಿದಲ್ಲಿ ಮಾತ್ರ ತಿರುಗುವ ಉರುಳೆಯು ಮೇಲೆನಿಸುತ್ತದೆ.

ಇನ್ನು ಮೂರನೆಯ ಕೆಲಸ. ರೀಲಿನೊಳಗೆ ಒಂದರ ಮೇಲೊಂದು ಅದುಮಿಕೊಂಡಿರುವ ಬಿಲ್ಲೆಗಳಿವೆ. ಎಳೆತವು ಒಂದು ಮಿತಿಯನ್ನು ಮೀರಿದೊಡನೆ ಇವು ಜಾರಿ ಉರುಳೆಯನ್ನು ತಿರುಗಗೊಟ್ಟು ದಾರವನ್ನು ಬಿಡುತ್ತವೆ. ಈ ಜಾರುತಡೆಗೆ ಡ್ರ್ಯಾಗ್ ಎಂದು ಹೆಸರು. ತಿರುಪನ್ನು ಬಿಗಿದರೆ ಮಿತಿಯು ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ನಿಂತ ವಸ್ತುವನ್ನು ಕದಲಿಸುವ ಘರ್ಷಣೆಯು ಜಾರುತ್ತಿರುವ ವಸ್ತುವಿನ ಘರ್ಷಣೆಗಿಂತ ಹೆಚ್ಚೆಂಬುದು ಪಾಠದಲ್ಲಿ ಓದಿದ ಮಾತಷ್ಟೆ. ಕಳಪೆ ರೀಲಿನಲ್ಲಿ ಈ ಅಂತರವು ಹೆಚ್ಚಾಗಿದ್ದು ದಾರವು ಜರ್ಕು ಹೊಡೆಯುತ್ತ ಬರುತ್ತದೆ. ಆ ಮೊದಲ ಜರ್ಕಿನಲ್ಲೇ ಎಷ್ಟೋ ದಾರಗಳು ಹರಿಯುತ್ತವೆ. ಆದುದರಿಂದ ಅಂಗಡಿಯಲ್ಲಿ ರೀಲನ್ನು ನೋಡುವಾಗ ಅದರ ಹೊಳಪನ್ನು ನೋಡದೆ, ದಾರವನ್ನು ಕೈಯಿಂದ ಮೆಲ್ಲನೆ ಎಳೆದು ಅದು ಒಂದೇ ಸಮನೆ ಜಾರುವುದೋ ಇಲ್ಲವೋ ಎಂಬುದನ್ನು ನೋಡಬೇಕು. ಹಣವನ್ನು ಉಳಿಸಬೇಕಾದರೆ ಬೇರೆ ಕಡೆ ಉಳಿಸಬಹುದು, ಇಲ್ಲಿ ಉಳಿಸಬಾರದು.

ಇಲ್ಲೊಂದು ಸೂಕ್ಷ್ಮವಿದೆ. ಬಿಲ್ಲೆಗಳು ನಿಗದಿಪಡಿಸುವುದು ತಿರುಗುಬಲವನ್ನೇ ಹೊರತು ದಾರದ ಎಳೆತವನ್ನಲ್ಲ. ತಿರುಗುಬಲವನ್ನು ಉರುಳೆಯ ಮೇಲಿನ ಸುತ್ತಿನ ತ್ರಿಜ್ಯದಿಂದ ಭಾಗಿಸಿದರೆ ಎಳೆತ ಬರುತ್ತದೆ. ತುಂಬಿದ ಉರುಳೆಯ ತ್ರಿಜ್ಯವು 25 ಮಿಲಿಮೀಟರ್ ಇದ್ದು ಡ್ರ್ಯಾಗ್ 2.5 ಕಿಲೋಗ್ರಾಮಿಗೆ ಸರಿಯಾಗಿದೆಯೆನ್ನೋಣ. ಮೀನು ಓಡಿ ಓಡಿ ದಾರವು ಬರಿದಾಗಿ ತ್ರಿಜ್ಯವು 12.5 ಮಿಲಿಮೀಟರಿಗೆ ಇಳಿದರೆ, ತಿರುಪನ್ನು ಮುಟ್ಟದಿದ್ದರೂ ಎಳೆತವು 5 ಕಿಲೋಗ್ರಾಂ ಆಗುತ್ತದೆ! ಅಷ್ಟರಲ್ಲಿ ನೀರಿನಲ್ಲಿ ಉದ್ದಕ್ಕೂ ಬಿದ್ದ ದಾರದ ಮೇಲೆ ಪ್ರವಾಹದ ಒತ್ತಡವೂ ಸೇರಿರುತ್ತದೆ. ಆಗ ಗಾಬರಿಯಿಂದ ತಿರುಪನ್ನು ಇನ್ನೂ ಬಿಗಿಯುವವನು ಮೀನನ್ನು ಕಳೆದುಕೊಳ್ಳುತ್ತಾನೆ. ಬಿಗಿಯುವುದಕ್ಕೆ ಬದಲು ಸಡಿಲಿಸಬೇಕು. 10 ಕಿಲೋಗ್ರಾಂ ಬಲದ ದಾರವು ಗಂಟಿನಲ್ಲಿ 8ಕ್ಕೆ ಇಳಿದರೂ 5 ಕಿಲೋಗ್ರಾಮಿನ ಎಳೆತವನ್ನು ತಾಳಬಲ್ಲದು. ಡ್ರ್ಯಾಗನ್ನು ದಾರದ ಬಲದ ನಾಲ್ಕನೆಯ ಒಂದು ಪಾಲಿಗೆ ಹೊಂದಿಸಬೇಕೆಂಬ ಅನುಭವಿಗಳ ನಿಯಮಕ್ಕೆ ಆಧಾರವು ಇದೇ ಲೆಕ್ಕ.

ಕೋಲು: ಮೀನಿನ ಕೈಯ ಸನ್ನೆ

ಉದ್ದವಾದ ಕೋಲು ಹಿಡಿದವನಿಗೆ ಹೆಚ್ಚು ಬಲ ಬರುತ್ತದೆಂದು ಅನೇಕರು ತಿಳಿದಿದ್ದಾರೆ. ವಾಸ್ತವವು ಇದಕ್ಕೆ ವಿರುದ್ಧ. ಕೋಲಿನ ಬುಡವನ್ನು ಹೊಟ್ಟೆಗೆ ಆನಿಸಿ, ಬುಡದಿಂದ ಅರ್ಧ ಮೀಟರ್ ಮುಂದೆ ಕೈಯಿಂದ ಹಿಡಿದಾಗ ಬುಡವೇ ಆನುಗೋಲು, ಕೈಯ ಬಲವು ಅದಕ್ಕೆ ಹತ್ತಿರ, ಮೀನಿನ ಎಳೆತವು ದೂರದ ತುದಿಯಲ್ಲಿ. ಸನ್ನೆಯ ಉದ್ದ ತೋಳು ಮೀನಿನ ಪಾಲಿಗೆ ಬಂದಿದೆ. 2.4 ಮೀಟರಿನ ಕೋಲು ಬಾಗದೆ ನೆಟ್ಟಗಿದ್ದರೆ, ತುದಿಯಲ್ಲಿ 2.5 ಕಿಲೋಗ್ರಾಂ ಎಳೆತಕ್ಕೆ ಕೈಯು 12 ಕಿಲೋಗ್ರಾಂ ಬಲ ಹಾಕಬೇಕು. ಕೋಲು ಬಾಗಿ ತುದಿಯು ಮೀನಿನತ್ತ ತಿರುಗಿ, ಸನ್ನೆಯ ತೋಳು 1.4 ಮೀಟರಿಗೆ ಇಳಿದರೆ 7 ಕಿಲೋಗ್ರಾಂ ಸಾಕು. ಬಾಗುವ ಕೋಲು ದಾರವನ್ನು ಮಾತ್ರವಲ್ಲ, ಹಿಡಿದ ತೋಳನ್ನೂ ಕಾಪಾಡುತ್ತದೆ.

ಹಾಗಾದರೆ ಉದ್ದದ ಪ್ರಯೋಜನವೇನು? ಎಸೆಯುವಾಗ ಅದೇ ಸನ್ನೆಯು ನಮ್ಮ ಪರವಾಗಿ ಕೆಲಸ ಮಾಡುತ್ತದೆ. ಕೈಯ ಸಣ್ಣ ಚಲನೆಯಿಂದ ತುದಿಯು ದೊಡ್ಡ ಕಂಸವನ್ನು ಬಳಸಿ ಎರೆಯನ್ನು ವೇಗವಾಗಿ ಚಿಮ್ಮಿಸುತ್ತದೆ. ಬಂಡೆಗಳ ಮೇಲೆ ನಿಂತಾಗ ದಾರವನ್ನು ಎತ್ತರದಲ್ಲಿ ಹಿಡಿದು ಸವೆತವನ್ನು ತಪ್ಪಿಸುವುದಕ್ಕೂ ಉದ್ದವು ಸಹಾಯಕ. ಆದುದರಿಂದ ಭದ್ರೆಯಂತಹ ಅಗಲವಾದ ಹೊಳೆಗೆ 2.4ರಿಂದ 2.7 ಮೀಟರ್, ಮರಗಳ ಕೆಳಗಿನ ಹಳ್ಳಕ್ಕೆ 1.8 ಮೀಟರಿನ ಆಸುಪಾಸು ಎಂಬುದು ಸಮಂಜಸವಾದ ಅಳತೆ.

ಪದಾರ್ಥದ ವಿಷಯಕ್ಕೆ ಬಂದರೆ, ನಮ್ಮ ಬಿದಿರು ಪ್ರಕೃತಿಯೇ ಮಾಡಿಕೊಟ್ಟ ಕೋಲು. ಅದರ ಗಟ್ಟಿಯಾದ ನಾರುಗಳು ಹೊರಮಗ್ಗುಲಿನಲ್ಲಿ ಒತ್ತಾಗಿವೆ. ಬಾಗಿದಾಗ ಹೆಚ್ಚಿನ ಎಳೆತ ಬೀಳುವುದೂ ಅಲ್ಲೇ. ಒಳಗೆ ಟೊಳ್ಳಾದುದರಿಂದ ತೂಕ ಕಡಮೆ. ಗಾಜಿನ ನಾರಿನ ಕೋಲೂ ಕಾರ್ಬನ್ ನಾರಿನ ಕೋಲೂ ಇದೇ ಟೊಳ್ಳು ಕೊಳವೆಯ ಉಪಾಯವನ್ನು ಅನುಸರಿಸುತ್ತವೆ. ಗಾಜಿನ ನಾರಿನದು ಭಾರ, ಹೆಚ್ಚು ಬಾಗುತ್ತದೆ, ಪೆಟ್ಟನ್ನು ತಾಳುತ್ತದೆ, ಬೆಲೆಯೂ ಕಡಮೆ. ಕಾರ್ಬನ್ ಹಗುರ, ಬಿರುಸು, ಸೂಕ್ಷ್ಮಗ್ರಾಹಿ. ಆದರೆ ಬಂಡೆಗೆ ತಗುಲಿ ಸಣ್ಣ ಗಾಯವಾದರೂ ಮುಂದೊಮ್ಮೆ ಅಲ್ಲೇ ಮುರಿಯಬಹುದು. ಜಾರುವ ಬಂಡೆಗಳ ಮಲೆನಾಡಿನಲ್ಲಿ ವಿದ್ಯಾರ್ಥಿಗೆ ಗಾಜಿನ ನಾರು, ಇಲ್ಲವೆ ಎರಡೂ ಬೆರೆತ ಕೋಲು ಹೆಚ್ಚು ಸೂಕ್ತವೆಂದು ನಮ್ಮ ಅಭಿಪ್ರಾಯ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದೆ ಮುಂದುವರಿಯಲಾಗದು. ಕಾರ್ಬನ್ ವಿದ್ಯುದ್ವಾಹಕ. ತೋಟಗಳ ನಡುವೆ ಹಾಯ್ದಿರುವ ವಿದ್ಯುತ್ ತಂತಿಗಳ ಕೆಳಗೆ ಇಂಥ ಕೋಲನ್ನು ಎತ್ತಿ ಹಿಡಿಯುವುದು ಪ್ರಾಣಾಪಾಯಕರ. ಕಾಫಿಯ ಹೂಮಳೆಯ ಕಾಲದಲ್ಲಿ, ಮಾರ್ಚಿಯಿಂದ ಮೇವರೆಗೆ, ಮಧ್ಯಾಹ್ನದ ಮೇಲೆ ಗುಡುಗು ಕೇಳಿಸಿದೊಡನೆ ಯಾವ ಕೋಲೇ ಆಗಿರಲಿ, ಅದನ್ನು ಕೆಳಗಿಟ್ಟು ನೀರಿನಿಂದ ದೂರ ಸರಿಯಬೇಕು.

ಮೂರು ಜೋಡಣೆಗಳು

ಮೇಲಿನ ತತ್ತ್ವಗಳನ್ನು ಒಟ್ಟುಗೂಡಿಸಿ ಮೂರು ಉದಾಹರಣೆಗಳನ್ನು ಕೊಡಬಹುದು.

ತೋಟದ ಕೆರೆಯ ಗೆಂಡೆಗೆ: ಸುಮಾರು 2 ಮೀಟರಿನ ಮೆತುವಾದ ಕೋಲು, ಸ್ಥಿರ ಉರುಳೆಯ ಸಣ್ಣ ರೀಲು, 4 ಕಿಲೋಗ್ರಾಂ ಬಲದ ನೈಲಾನ್, ಬೆಂಡು, ಸಣ್ಣ ಗಾಳ. ಡ್ರ್ಯಾಗ್ 1 ಕಿಲೋಗ್ರಾಂ. ಕೆರೆಯಲ್ಲಿ ಸೆಳವಿಲ್ಲ, ಬಂಡೆಯಿಲ್ಲ. ಮೀನು ಓಡಲು ಸ್ಥಳವಿದೆ. ಕಲಿಯುವವನಿಗೆ ಇದಕ್ಕಿಂತ ಒಳ್ಳೆಯ ಶಾಲೆಯಿಲ್ಲ.

ಜೊಂಡಿನ ನಡುವಿನ ಕೊರವಕ್ಕೆ: ಸುಮಾರು 2 ಮೀಟರಿನ ಬಿರುಸಾದ ಕೋಲು, 12ರಿಂದ 15 ಕಿಲೋಗ್ರಾಂ ಬಲದ ಹೆಣೆದ ದಾರ. ಇಲ್ಲಿ ಮೀನನ್ನು ಓಡಗೊಟ್ಟರೆ ಅದು ಬಳ್ಳಿಗೆ ಸುತ್ತಿಕೊಳ್ಳುತ್ತದೆ. ಆದುದರಿಂದ ಮೊದಲ ಕ್ಷಣದಲ್ಲೇ ತಲೆಯನ್ನು ಮೇಲಕ್ಕೆ ತಿರುಗಿಸಬೇಕು. ಹಿಗ್ಗದ ದಾರವು ಇಲ್ಲಿ ದೋಷವಲ್ಲ, ಗುಣ. ಬ್ಯಾಸ್ ಮೀನಿಗೆಂದು ಮಾಡಿದ ಸಲಕರಣೆಯು ಸರಿಯಾಗಿ ಹೊಂದುವುದು ಈ ಸ್ಥಳಕ್ಕೇ. ಮರಿಗಳ ಗುಂಪನ್ನು ಕಾಯುತ್ತಿರುವ ತಾಯ್ತಂದೆ ಮೀನುಗಳಿಗೆ ಮಾತ್ರ ಗಾಳ ಹಾಕಬಾರದು.

ಹರಿಯುವ ಹೊಳೆಯ ಮಹಶೀರಿಗೆ: 2.4ರಿಂದ 2.7 ಮೀಟರಿನ, ತುದಿ ಮೆತ್ತಗೂ ಬುಡ ಗಟ್ಟಿಯಾಗಿಯೂ ಇರುವ ಕೋಲು, 200 ಮೀಟರ್ ದಾರ ಹಿಡಿಯುವ, ಒಂದೇ ಸಮನೆ ಜಾರುವ ಡ್ರ್ಯಾಗ್ ಉಳ್ಳ ರೀಲು, 10 ಕಿಲೋಗ್ರಾಂ ಬಲದ ನೈಲಾನ್, ಡ್ರ್ಯಾಗ್ 2.5 ಕಿಲೋಗ್ರಾಂ, ಮುಳ್ಳನ್ನು ಇಕ್ಕಳದಿಂದ ಅದುಮಿ ಸಪಾಟು ಮಾಡಿದ ಒಂಟಿ ಗಾಳ. ಡ್ರ್ಯಾಗನ್ನು ಅಳೆಯಲು ದಾರವನ್ನು ಕೋಲಿನ ಬಳೆಗಳ ಮೂಲಕವೇ ತಂದು, ಕೋಲನ್ನು ಓರೆಯಾಗಿ ಹಿಡಿದು, ಸ್ಪ್ರಿಂಗ್ ತಕ್ಕಡಿಯಿಂದ ಎಳೆದು ನೋಡಬೇಕು. ಬಳೆಗಳ ಘರ್ಷಣೆಯೂ ಆಗ ಲೆಕ್ಕಕ್ಕೆ ಸೇರುತ್ತದೆ. ಮೀನನ್ನು ತರುವಾಗ ರೀಲಿನ ಹಿಡಿಯಿಂದಲೇ ಎಳೆಯಬಾರದು. ಕೋಲನ್ನು ಮೇಲೆತ್ತಿ ಮೀನನ್ನು ತಂದು, ಕೋಲನ್ನು ಇಳಿಸುತ್ತ ಸಡಿಲಾದ ದಾರವನ್ನು ಸುತ್ತಿಕೊಳ್ಳಬೇಕು.

ಕೊನೆಯ ಅಂಗ: ಮನುಷ್ಯ

ಹೋರಾಡಿದ ಮೀನಿನ ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ಸೇರಿಕೊಂಡಿರುತ್ತದೆ. ಅದನ್ನು ಕಳೆಯಲು ಆಮ್ಲಜನಕ ಬೇಕು. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನೀರಿನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಬಲ್ಲದು. 30 ಡಿಗ್ರಿಯಲ್ಲಿ ಸುಮಾರು 7.5 ಮಿಲಿಗ್ರಾಂ ಮಾತ್ರ. ಹೊಳೆ ಬತ್ತಿ ನೀರು ಕಾದಿರುವ ಬೇಸಗೆಯಲ್ಲಿ ಮೀನು ಚೇತರಿಸಿಕೊಳ್ಳುವುದು ಕಷ್ಟವಾಗುವುದು ಇದರಿಂದಲೇ. ಆಗ ಗಾಳವನ್ನು ಮನೆಯಲ್ಲಿಡುವುದು ಲೇಸು. ಮಳೆಗಾಲದಲ್ಲಿ ಮಹಶೀರ್ ಮೊಟ್ಟೆಯಿಡಲು ಮೇಲಕ್ಕೇರುವುದರಿಂದ ಆಗಲೂ ಅದನ್ನು ಕೆಣಕಬಾರದು. ಹಿಡಿದ ಮೀನನ್ನು ನೀರಿನಿಂದ ಹೊರಗೆ ತೆಗೆಯದೆ, ಕೈಯನ್ನು ಒದ್ದೆ ಮಾಡಿಕೊಂಡು ಗಾಳವನ್ನು ಬಿಡಿಸಿ, ತಲೆಯು ಪ್ರವಾಹಕ್ಕೆ ಎದುರಾಗಿರುವಂತೆ ಅದು ತಾನಾಗಿ ಈಜಿಹೋಗುವವರೆಗೆ ಹಿಡಿದಿರಬೇಕು. ಹರಿದ ನೈಲಾನ್ ದಾರವು ವರ್ಷಗಟ್ಟಲೆ ಕೊಳೆಯದೆ ನೀರುಕಾಗೆಯ ಕಾಲಿಗೂ ನೀರುನಾಯಿಯ ಕೊರಳಿಗೂ ಉರುಲಾಗಬಹುದು. ಒಂದು ಗೇಣು ತುಂಡನ್ನೂ ದಡದಲ್ಲಿ ಬಿಡದೆ ಜೇಬಿಗೆ ಹಾಕಿಕೊಂಡು ತರಬೇಕು.

ಕಾನೂನನ್ನೂ ತಿಳಿದಿರಬೇಕು. ಸಿಡಿಮದ್ದಿನಿಂದಲೋ ವಿಷದಿಂದಲೋ ಮೀನು ಕೊಲ್ಲುವುದನ್ನು 2015ರಲ್ಲಿ ರದ್ದಾದ 1897ರ ಭಾರತೀಯ ಮೀನುಗಾರಿಕೆ ಕಾಯಿದೆಯೇ ನಿಷೇಧಿಸಿತ್ತು. ಶೃಂಗೇರಿಯ ತುಂಗೆಯಂತಹ ದೇವರ ಮೀನಿನ ಮಡುಗಳಲ್ಲೂ, ಕುದುರೆಮುಖ ರಾಷ್ಟ್ರೀಯ ಉದ್ಯಾನ, ಭದ್ರಾ ಅಭಯಾರಣ್ಯಗಳ ಒಳಗೂ ಗಾಳ ಹಾಕುವಂತಿಲ್ಲ. ಉಳಿದೆಡೆ ಮೀನುಗಾರಿಕೆ ಇಲಾಖೆಯನ್ನು ವಿಚಾರಿಸಿ, ಬೇಕಾದಲ್ಲಿ ಪರವಾನಗಿ ಪಡೆದು, ತೋಟದ ಕೆರೆಯಾದರೆ ಒಡೆಯರ ಒಪ್ಪಿಗೆ ಕೇಳಿಯೇ ಹೋಗಬೇಕು.

ಬೆಲೆ ಹೆಚ್ಚಾದ ಸಲಕರಣೆಯೇ ಉತ್ತಮವೆಂಬುದು ಸುಳ್ಳು; ಒಂದಕ್ಕೊಂದು ಹೊಂದಿದ ಸಲಕರಣೆಯೇ ಉತ್ತಮ. ದಾರದ ಬಲವನ್ನು ಬಕೀಟಿನಿಂದ ಅಳೆದು, ಗಂಟನ್ನು ಪರೀಕ್ಷಿಸಿ, ಡ್ರ್ಯಾಗನ್ನು ನಾಲ್ಕನೆಯ ಒಂದು ಪಾಲಿಗೆ ಇಳಿಸಿ, ಆ ಎಳೆತಕ್ಕೆ ಚೆನ್ನಾಗಿ ಬಾಗುವ ಕೋಲನ್ನು ಆರಿಸಿಕೊಂಡವನು ಮೀನು ಸಿಗುವ ಮೊದಲೇ ತನ್ನ ಅರ್ಧ ಕೆಲಸವನ್ನು ಮುಗಿಸಿರುತ್ತಾನೆ. ಉಳಿದರ್ಧವನ್ನು ತಾಳ್ಮೆಯೂ ಹೊಳೆಯೂ ಕಲಿಸುತ್ತವೆ.